ಸೆಬುವಾನೊ ಎಣಿಕೆಪದಗಳ ಬೇರು ಹುಡುಕುವವರಿಗೆ ಒಂದು ಉಚಿತ ನಿಘಂಟು: ನಮ್ಮ ಅಂಕ ಐದಕ್ಕೆ ನಾಲ್ಕು

ಫಿಲಿಪ್ಪೀನ್ಸ್‌ನ ಸೆಬುವಾನೊ ಭಾಷೆಯಲ್ಲಿ ಒಂದು, ಎರಡು, ಮೂರಕ್ಕೆ ಉಸಾ, ದುಹಾ, ತುಲೊ ಎನ್ನುತ್ತಾರೆ. ಇವು ಎಲ್ಲಿಂದ ಬಂದವೆಂದು ತಿಳಿಯಲು ರಾಬರ್ಟ್ ಬ್ಲಸ್ಟ್ ಮತ್ತು ಸ್ಟೀಫನ್ ಟ್ರಸೆಲ್ ಕಟ್ಟಿದ ಆಸ್ಟ್ರೊನೇಷ್ಯನ್ (ಸೆಬುವಾನೊ, ಮಲಯ, ಹವಾಯಿ ಭಾಷೆಗಳು ಸೇರಿದ ಭಾಷಾಕುಟುಂಬ) ತೌಲನಿಕ ನಿಘಂಟು ಆನ್‌ಲೈನ್‌ನಲ್ಲಿ ಕಾಸಿಲ್ಲದೆ ಸಿಗುತ್ತದೆ. ಸರಕು ಗಟ್ಟಿ. ಆದರೆ ಹೊಸಬರಿಗೆ ಮೊದಲ ಹತ್ತು ನಿಮಿಷ ತಲೆ ಚಿಟ್ಟು ಹಿಡಿಯುವುದು ಖಂಡಿತ.

ತೊಡಕು ಕಾಗುಣಿತದ್ದು. ಸೆಬುವಾನೊ ಪದಗಳನ್ನು ಇದು ಜಾನ್ ವುಲ್ಫ್ ಅವರ 1972ರ ನಿಘಂಟಿನಿಂದ ತೆಗೆದುಕೊಂಡಿದೆ; ಅಲ್ಲಿರುವುದು ಅ, ಇ, ಉ ಮೂರೇ ಸ್ವರ. ಹಾಗಾಗಿ ‘ತುಲೊ’, ‘ಪಿತೊ’ (ಏಳು) ಎಂದು ಹುಡುಕಿದರೆ ಸಿಗದು. ‘ತುಲು’, ‘ಪಿತು’ ಎಂದು ಹುಡುಕಬೇಕು. ಅದಕ್ಕಿಂತ ಸಲೀಸು ಅರ್ಥಸೂಚಿ. ಮೂರರ ಇಂಗ್ಲಿಷ್ ಪದ ಹಿಡಿದು ಹೋದರೆ *ತೆಲು ಸಿಗುತ್ತದೆ. ನಕ್ಷತ್ರ ಗುರುತಿದ್ದರೆ ಅದು ದಾಖಲೆಯ ಪದವಲ್ಲ, ಸೋದರ ಭಾಷೆಗಳನ್ನು ಹೋಲಿಸಿ ಕಟ್ಟಿದ ರೂಪ.

ಇಲ್ಲಿನ ‘ಎ’ ನಮ್ಮ ‘ಎ’ ಅಲ್ಲ, ಬಾಯಿ ನಡುವೆ ಮಂದವಾಗಿ ಹೊರಡುವ ಸ್ವರ. ಸೆಬುವಾನೊದಲ್ಲಿ ಅದು ‘ಉ’ ಆಯಿತು: *ತೆಲು ತುಲೊ ಆಯಿತು, *ಎನೆಮ್ ಉನೊಮ್ (ಆರು) ಆಯಿತು. ನಕ್ಷತ್ರದ ರೂಪದಲ್ಲಿ ದೊಡ್ಡಕ್ಷರದ ‘ಎಸ್’ (S) ಇದ್ದಲ್ಲಿ ‘ಹ’ ಬಂದಿದೆ, ದುಹಾದಲ್ಲಿ ಕಾಣುವಂತೆ. ಇವೆರಡು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಲಿಮಾ (ಐದು) ಅಂತೂ ಬದಲಾಗಿಯೇ ಇಲ್ಲ. ಹವಾಯಿ ಭಾಷೆಯಲ್ಲಿ ಅದಕ್ಕೆ ‘ಕೈ’ ಎಂಬ ಅರ್ಥ ಇಂದಿಗೂ ಉಂಟು, ಸೆಬುವಾನೊದಲ್ಲಿ ಕೈಗೆ ಕಮೊತ್ ಎನ್ನುತ್ತಾರೆ.

ಎಡವುವುದು ದೊಡ್ಡ ಸಂಖ್ಯೆಗಳಲ್ಲಿ. ಮಲಯ ಭಾಷೆಯ ರತುಸ್ (ನೂರು) ಇಲ್ಲಿ ಗತೊಸ್, ‘ರ’ಗೆ ‘ಗ’. ಅದೇ ಲೆಕ್ಕ ರಿಬು (ಸಾವಿರ) ಪದಕ್ಕೆ ಹಾಕಬೇಡಿ, ಸೆಬುವಾನೊದಲ್ಲಿ ಅದು ಲಿಬೊ. ಒಂಬತ್ತೂ ಅಷ್ಟೇ. ಹಳೆಯ *ಸಿವದಿಂದ ಸಿಯಾಮ್ ನೇರವಾಗಿ ಹುಟ್ಟದು. ಫಿಲಿಪ್ಪೀನ್ಸ್‌ನದೇ ಭಾಷೆಗಳಾದ ಟಗಾಲೊಗ್, ಇಲೊಕಾನೊಗಳ ರೂಪಗಳನ್ನೂ ಪಕ್ಕದಲ್ಲಿಟ್ಟು ನೋಡಿ.

ಒಂದು ಅಂಕ ಕಳೆದದ್ದು ಹತ್ತರ ಗುಣಕಗಳಿಗಾಗಿ. ಕತ್ಲೊಆನ್ (ಮೂವತ್ತು), ಕಪ್‌ಆತನ್ (ನಲವತ್ತು) ಬಿಡಿಸುವ ಕೆಲಸ ಓದುಗರದೇ: ಮುಂದೆ ‘ಕ’, ಹಿಂದೆ ‘ಆನ್’, ನಡುವಿನ ತುಲೊ, ಉಪತ್ (ನಾಲ್ಕು) ಪದಗಳ ‘ಉ’ ಮಾಯ. ನಮ್ಮ ಇಪ್ಪತ್ತು, ಮೂವತ್ತುಗಳನ್ನು ಬಿಡಿಸಿದವರಿಗೆ ಇದು ಹೊಸತಲ್ಲ.

ಇನ್ನು ಸೆಬುವಿನಲ್ಲಿ ಗಡಿಯಾರ, ಹಣದ ಮಾತು ಬಂದರೆ ಆಲಸ್ ತ್ರೆಸ್ (ಮೂರು ಗಂಟೆ), ಸಿಂಕೊ ಪೆಸೊಸ್ (ಐದು ಪೆಸೊ) ಕೇಳುತ್ತವೆ. ಅವು ಸ್ಪ್ಯಾನಿಷ್ ಪದಗಳು; ಅವಕ್ಕೆ ಸ್ಪ್ಯಾನಿಷ್ ನಿಘಂಟೇ ಸಾಕು.