ಒಂದು ಕಣ್ಣು ಕೆಂಪಾದ ಲಾರಾ: ಝೆನಾನ್ ಬಲ್ಬು ಬದಲಿಸಿ ಮೂರು ಮಳೆಗಾಲ

ನಮ್ಮದು 2011ರ ಸ್ಕೋಡಾ ಲಾರಾ. ಕಂಪನಿಯಿಂದಲೇ ಝೆನಾನ್ ಹೆಡ್‌ಲೈಟ್ ಹಾಕಿಕೊಂಡು ಬಂದ ಗಾಡಿ. ಅಂದರೆ ಕಾಯುವ ತಂತಿಯ ಬದಲು, ಝೆನಾನ್ ಅನಿಲದೊಳಗಿನ ವಿದ್ಯುತ್ ಕಿಡಿಯಿಂದ ಬೆಳಗುವ ದೀಪ. ಹಾಸನದಿಂದ ಪುತ್ತೂರಿಗೆ ತಿಂಗಳಿಗೆ ಎರಡು ಸಲವಾದರೂ ಓಡಾಟ, ಅದೂ ಹೆಚ್ಚಾಗಿ ಕೆಲಸ ಮುಗಿಸಿ ರಾತ್ರಿ ಹೊತ್ತಿನಲ್ಲಿ.

2021ರ ಮಳೆಗಾಲ ಮುಗಿಯುತ್ತಿದ್ದಾಗ ಒಂದು ದಿನ ಹೆಂಡತಿ ಗೇಟು ತೆಗೆಯುತ್ತಾ, "ಏನ್ರೀ ಇದು, ಒಂದು ಕಣ್ಣು ಕೆಂಪಾಗಿದೆ" ಅಂದಳು. ಇಳಿದು ಕಾಂಪೌಂಡ್ ಗೋಡೆ ಮೇಲೆ ಬಿದ್ದ ಬೆಳಕು ನೋಡಿದೆ. ಬಲಗಡೆಯದು ಬಿಳಿ, ಎಡಗಡೆಯದು ಗುಲಾಬಿ. ಆಮೇಲೆ ಒಂದು ತಿಂಗಳಿಗೆ ಅದು ಓಡುತ್ತಾ ಓಡುತ್ತಾ ಆರಿಹೋಗಲು ಶುರುವಾಯಿತು. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಹತ್ತಿಕೊಳ್ಳುತ್ತಿತ್ತು. ಮಾರನಹಳ್ಳಿ ದಾಟಿ ಶಿರಾಡಿ ಘಾಟಿ ಇಳಿಯುವಾಗ, ಎದುರಿಗೆ ಟ್ಯಾಂಕರ್ ಬರುತ್ತಿದ್ದಾಗ ಹೀಗೆ ಆದರೆ ಹೇಗಿರುತ್ತದೆ ಅನ್ನುವುದು ಆ ರಸ್ತೆ ಗೊತ್ತಿರುವವರಿಗೆ ಹೇಳಬೇಕಿಲ್ಲ.

ಸರ್ವಿಸ್ ಸೆಂಟರಿನವರು ಬಾನೆಟ್ ಎತ್ತಿ ನೋಡಿ, ಪೂರ್ತಿ ಹೆಡ್‌ಲೈಟ್ ಅಸೆಂಬ್ಲಿಯನ್ನೇ ಬದಲಾಯಿಸಬೇಕು ಸರ್ ಅಂದರು. ಅವರು ಹೇಳಿದ ಮೊತ್ತಕ್ಕೆ ಒಂದು ಒಳ್ಳೆಯ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಬರುತ್ತದೆ. ನಾನು ತಲೆಯಾಡಿಸಿ ಮನೆಗೆ ಬಂದೆ.

ನಮ್ಮ ಏರಿಯಾದ ಎಲೆಕ್ಟ್ರಿಷಿಯನ್ ಮಾಡಿದ್ದು ಸರಳ ಕೆಲಸ. ಎಡಗಡೆ ಬಲ್ಬನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದರು. "ರೋಗ ಬಲ್ಬಿನ ಜೊತೆ ಹೋದರೆ ಬಲ್ಬು ಕೆಟ್ಟಿದೆ. ಅಲ್ಲೇ ಉಳಿದರೆ ಬ್ಯಾಲಸ್ಟ್ ಕೆಟ್ಟಿದೆ." ಬ್ಯಾಲಸ್ಟ್ ಅಂದರೆ ಬಲ್ಬಿಗೆ ಬೇಕಾದ ಕರೆಂಟನ್ನು ಹದಮಾಡಿ ಕೊಡುವ ಡಬ್ಬಿ. ಗುಲಾಬಿ ಬಣ್ಣ ಬಲಗಡೆಗೆ ಹೋಯಿತು. ಹತ್ತು ನಿಮಿಷಕ್ಕೆ ಅಲ್ಲೂ ಆರಿತು. ಅಸೆಂಬ್ಲಿಯ ಮಾತು ಅಲ್ಲಿಗೆ ಮುಗಿಯಿತು. ನೀವು ಒಂದು ರೂಪಾಯಿ ಬಿಚ್ಚುವ ಮೊದಲು ಇದೊಂದನ್ನು ಮಾಡಿಸಿ.

ಇನ್ನು ಯಾವ ಬಲ್ಬು? ಬಲ್ಬಿನ ಬುಡದಲ್ಲೇ ಬರೆದಿರುತ್ತದೆ. ನಮ್ಮದರಲ್ಲಿ ಡಿ1ಎಸ್ ಅಂತ ಇತ್ತು. ಝೆನಾನ್ ಬಲ್ಬುಗಳ ಬಗೆಗೆ ಹೀಗೆ ಡಿ1, ಡಿ2, ಡಿ3, ಡಿ4 ಅಂತ ಹೆಸರು. ಡಿ1 ಮತ್ತು ಡಿ3ರಲ್ಲಿ ಕಿಡಿ ಹೊತ್ತಿಸುವ ಇಗ್ನೈಟರ್ ಬಲ್ಬಿನ ಬುಡಕ್ಕೇ ಅಂಟಿಕೊಂಡಿರುತ್ತದೆ, ಡಿ2 ಮತ್ತು ಡಿ4ರಲ್ಲಿ ಬೇರೆ ಇರುತ್ತದೆ. ಕೊನೆಯ ಎಸ್ ಅಂದರೆ ಲೆನ್ಸ್ ಮೂಲಕ ಬೆಳಕು ಬಿಡುವ ಪ್ರೊಜೆಕ್ಟರ್ ದೀಪಕ್ಕೆ, ಆರ್ ಅಂದರೆ ಕನ್ನಡಿಯಂಥ ಬಟ್ಟಲಿರುವ ರಿಫ್ಲೆಕ್ಟರ್‌ಗೆ. ಡಿ1, ಡಿ2ರಲ್ಲಿ ಪಾದರಸ ಇದೆ, ಡಿ3, ಡಿ4ರಲ್ಲಿ ಇಲ್ಲ. "ಡಿ3ಎಸ್ ಹೊಸದು, ಅದನ್ನೇ ಹಾಕಿ" ಅಂತ ಒಬ್ಬ ಅಂಗಡಿಯವರು ಹೇಳಿದರು. ಎಲ್ಲವೂ 35 ವ್ಯಾಟೇ, ಆದರೆ ಡಿ1ಎಸ್ ಉರಿಯುವುದು ಸುಮಾರು 85 ವೋಲ್ಟ್‌ನಲ್ಲಿ, ಡಿ3ಎಸ್ ಅದರ ಅರ್ಧದಲ್ಲಿ, 42ರಲ್ಲಿ. ಒಂದರ ಬ್ಯಾಲಸ್ಟ್ ಇನ್ನೊಂದಕ್ಕೆ ಆಗುವುದಿಲ್ಲ. ಕೂರುವ ಕಚ್ಚೂ ಬೇರೆ. ಉಜ್ಜಿ ಕೂರಿಸುವ ಸಾಹಸ ಬೇಡ.

ಇಷ್ಟೆಲ್ಲ ತಿಳಿದುಕೊಂಡ ಮೇಲೂ ನಾನು ಮೊದಲು ಬೇಸ್ತು ಬಿದ್ದೆ. ಆನ್‌ಲೈನ್‌ನಲ್ಲಿ 1,900 ರೂಪಾಯಿಗೆ ಒಂದು ಜೋಡಿ, 6000 ಕೆಲ್ವಿನ್, "ಹಾಲಿನಂಥ ಬಿಳುಪು". ಕೆಲ್ವಿನ್ ಅನ್ನುವುದು ಬೆಳಕಿನ ಬಣ್ಣದ ಅಳತೆ, ಹೆಚ್ಚಿದಷ್ಟೂ ನೀಲಿಯ ಕಡೆಗೆ. ಡಬ್ಬಿ ಮೇಲೆ ದೊಡ್ಡ ಕಂಪನಿಯ ಹೆಸರು ಬೇರೆ. ಹಾಕಿದ ದಿನ ಗಾಡಿ ಹೊಸದಾದ ಹಾಗೆ ಕಂಡಿತು, ಸುಳ್ಳು ಹೇಳುವುದಿಲ್ಲ. ಅಪಾರ್ಟ್‌ಮೆಂಟಿನ ಹುಡುಗರು ಬಂದು ನೋಡಿದರು. ಮಳೆಯಲ್ಲಿ ಹೊರಟಾಗ ಬಣ್ಣ ಬಯಲಾಯಿತು. ಒದ್ದೆ ಟಾರು ರಸ್ತೆ ಆ ನೀಲಿ ಬೆಳಕನ್ನು ನುಂಗಿಬಿಟ್ಟಿತು. ಹಳದಿ ಗೆರೆ ಕಾಣಲಿಲ್ಲ, ಗುಂಡಿ ಚಕ್ರ ಬಿದ್ದ ಮೇಲೆ ಗೊತ್ತಾಯಿತು. ಮಂಜಿನಲ್ಲಂತೂ ಮುಂದೆ ಬಿಳಿ ಪಂಚೆ ಕಟ್ಟಿದ ಹಾಗೆ. ನಾಲ್ಕು ತಿಂಗಳಿಗೆ ಒಂದು ಸತ್ತೇ ಹೋಯಿತು. ಡಬ್ಬಿಯ ಕೋಡ್ ಹಾಕಿ ನೋಡಿದರೆ ನಕಲಿ. ಮಾರಿದವನ ಪುಟ ಅಷ್ಟರಲ್ಲಿ ಮಾಯವಾಗಿತ್ತು.

2022ರ ಮೇನಲ್ಲಿ ಓಸ್ರಾಮ್ ಝೆನಾರ್ಕ್ ಒರಿಜಿನಲ್ ಹಾಕಿಸಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಲ್ ಸಮೇತ ತಂದಿದ್ದು, ಜೋಡಿಗೆ 9,400 ರೂಪಾಯಿ. ನಂಬರ್ 66140. ಫಿಲಿಪ್ಸ್‌ನಲ್ಲಿ ಇದಕ್ಕೆ ಸಮನಾದದ್ದು 85415, ಅದನ್ನು ನಾನು ಬಳಸಿಲ್ಲ. ಎರಡು ಕಂಪನಿಯವರೂ ಡಬ್ಬಿ ಮೇಲಿನ ಕೋಡನ್ನು ತಮ್ಮ ವೆಬ್‌ಸೈಟಿನಲ್ಲಿ ಪರೀಕ್ಷಿಸಲು ಅವಕಾಶ ಕೊಟ್ಟಿದ್ದಾರೆ. ಈ ಸಲ ಅಂಗಡಿಯಲ್ಲೇ ನಿಂತು ನೋಡಿ ದುಡ್ಡು ಕೊಟ್ಟೆ.

ಇದರ ಬಣ್ಣ 4300 ಕೆಲ್ವಿನ್ ಆಸುಪಾಸು. ಬಿಳಿಯಲ್ಲಿ ಒಂದು ಚಿಟಿಕೆ ಹಳದಿ ಬೆರೆತ ಹಾಗೆ. ಶೋಕಿ ಏನೂ ಇಲ್ಲ. ಆದರೆ ಬೆಳಕು ಜಾಸ್ತಿ ಸಿಗುವುದು ಇಲ್ಲೇ. ಡಿ1ಎಸ್‌ನ ಬೆಳಕಿನ ಅಳತೆ ಸುಮಾರು 3,200 ಲ್ಯೂಮೆನ್, ಮಾಮೂಲಿ ಎಚ್7 ಹ್ಯಾಲೊಜೆನ್‌ನದು 1,500. ಮೊದಲ ಸಲ ಘಾಟಿ ಇಳಿದಾಗ ಹೆಂಡತಿ ಏನೂ ಹೇಳಲಿಲ್ಲ. ನಿದ್ದೆ ಮಾಡುತ್ತಿದ್ದಳು. ಅದಕ್ಕಿಂತ ಒಳ್ಳೆಯ ಸರ್ಟಿಫಿಕೇಟ್ ಬೇಕಾ?

ಒಂದನ್ನೇ ಬದಲಿಸಿದರೆ ಸಾಲದಾ ಅಂತ ನಾನೂ ಕೇಳಿದ್ದೆ. ಈ ಬಲ್ಬುಗಳು ಹಳೆಯದಾದಂತೆ ಬಣ್ಣ ಬದಲಿಸುತ್ತವೆ. ಒಂದು ಹೊಸದು, ಒಂದು ಹಳೆಯದು ಇದ್ದರೆ ಮೆಳ್ಳೆಗಣ್ಣಿನ ಹಾಗೆ ಕಾಣುತ್ತದೆ. ಜೋಡಿಯಾಗಿಯೇ ತನ್ನಿ. "ಇಷ್ಟು ಪರ್ಸೆಂಟ್ ಹೆಚ್ಚು ಬೆಳಕು" ಅನ್ನುವ ದುಬಾರಿ ಬಲ್ಬುಗಳೂ ಇವೆ. ಅವುಗಳ ಆಯಸ್ಸು ಕಡಿಮೆ, ನನ್ನಷ್ಟು ರಾತ್ರಿ ಓಡಿಸುವವರಿಗೆ ಲೆಕ್ಕ ಕೂಡುವುದಿಲ್ಲ.

ಹಾಕುವಾಗ ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಬಲ್ಬು ಪೂರ್ತಿ ತಣ್ಣಗಾಗಲಿ. ಹತ್ತಿಕೊಳ್ಳುವ ಗಳಿಗೆಯಲ್ಲಿ ಇದಕ್ಕೆ ಇಪ್ಪತ್ತು ಸಾವಿರ ವೋಲ್ಟ್‌ಗೂ ಮೇಲೆ ಹರಿಯುತ್ತದೆ, ತಮಾಷೆ ಅಲ್ಲ. ಗಾಜಿಗೆ ಬೆರಳು ತಾಗಿಸಬೇಡಿ. ಆಮೇಲೆ ಗೋಡೆಗೆ ಬೆಳಕು ಬಿಟ್ಟು ಎತ್ತರ ಸರಿಯಿದೆಯಾ ನೋಡಿ. ಇನ್ನೊಂದು ವಿಷಯ: ನಮ್ಮ ಹೆಡ್‌ಲೈಟಿನ ಪ್ಲಾಸ್ಟಿಕ್ ಮುಖ ಹತ್ತು ವರ್ಷದ ಬಿಸಿಲಿಗೆ ಹಳದಿಯಾಗಿತ್ತು. 1,200 ರೂಪಾಯಿಗೆ ಪಾಲಿಶ್ ಮಾಡಿಸಿದೆ. ಆದ ವ್ಯತ್ಯಾಸದಲ್ಲಿ ಕಾಲು ಭಾಗ ಅದರದ್ದೇ ಅನ್ನಿಸುತ್ತದೆ.

ಹ್ಯಾಲೊಜೆನ್ ಗಾಡಿ ಇರುವ ಗೆಳೆಯರು ಇದನ್ನು ಓದಿ ಝೆನಾನ್ ಕಿಟ್ ಹುಡುಕಬೇಡಿ. ಯುರೋಪಿನ ನಿಯಮದಲ್ಲಿ ಇಷ್ಟು ಬೆಳಕಿನ ದೀಪಕ್ಕೆ ತಾನಾಗಿಯೇ ಎತ್ತರ ಹೊಂದಿಸಿಕೊಳ್ಳುವ ವ್ಯವಸ್ಥೆ ಮತ್ತು ನೀರು ಚಿಮ್ಮಿಸಿ ತೊಳೆಯುವ ವಾಷರ್ ಎರಡೂ ಇರಲೇಬೇಕು. ಮಾಮೂಲಿ ರಿಫ್ಲೆಕ್ಟರ್ ಒಳಗೆ ತುರುಕಿದರೆ ಬೆಳಕು ದಿಕ್ಕಾಪಾಲಾಗಿ ಎದುರಿನವನ ಕಣ್ಣಿಗೆ ಹೊಡೆಯುತ್ತದೆ. 2024ರ ಜುಲೈನಿಂದ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ದೀಪಗಳ ಮೇಲೆ ಕೇಸು ಹಾಕಲು ಹೊರಟದ್ದು ಸುಮ್ನೆ ಅಲ್ಲ.

ಈಗ ಮೂರು ಮಳೆಗಾಲ, 52,000 ಕಿಲೋಮೀಟರ್ ಆಗಿದೆ. ಎರಡೂ ಒಂದೇ ಬಣ್ಣದಲ್ಲಿವೆ, ಒಮ್ಮೆಯೂ ಆರಿಲ್ಲ. ಮೊದಲಿನಷ್ಟು ಚುರುಕು ಇಲ್ಲವೇನೋ ಅಂತ ಇತ್ತೀಚೆಗೆ ಅನ್ನಿಸುತ್ತದೆ, ಆದರೆ ನನ್ನ ಕಣ್ಣಿಗೂ ಐವತ್ತು ದಾಟಿದೆ. ಚೆನ್ನಾಗಿದ್ದ ಹಳೆಯ ಬಲಗಡೆ ಬಲ್ಬನ್ನು ಸ್ಪಂಜಿನಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದೇನೆ. ಘಾಟಿಯ ಬುಡದ ಗುಂಡ್ಯದಲ್ಲಿ ರಾತ್ರಿ ಹನ್ನೊಂದಕ್ಕೆ ಡಿ1ಎಸ್ ಯಾರು ಕೊಡುತ್ತಾರೆ?