ಗೆರೆ ದಾಟಿದ ಮೇಲೂ ಕುದುರೆ ಓಡುತ್ತದೆ

ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರು ಯಾರಾದರೂ ಮಕ್ಕಳ ಕುದುರೆ ಕ್ಲಾಸಿನ ನಂಟಿನಿಂದ, ಕುದುರೆ ಮೇಲೆ ಹತ್ತಾರು ಮೈಲಿ ಸಾಗುವ ಸ್ಪರ್ಧೆಗೆ, ಅಂದರೆ ಎಂಡ್ಯೂರೆನ್ಸ್ ರೈಡ್‌ಗೆ ವಾಲಂಟಿಯರ್ ಆಗಿ ಹೊರಟಿದ್ದರೆ ಇದನ್ನೊಮ್ಮೆ ಓದಿ. ಕಳೆದ ವರ್ಷ ಹೀಗೇ ಹೋಗಿ ಎಡಗಡೆ ಕಾಲರ್ ಬೋನ್ ಮುರಿದುಕೊಂಡು ಬಂದೆ. ಕುದುರೆ ಹತ್ತಿದ್ದೂ ಇಲ್ಲ, ಕುರ್ಚಿ ಹಾಕಿಕೊಂಡು ಟೈಮ್ ಬರೆಯುತ್ತಿದ್ದೆ ಅಷ್ಟೆ.

ಸಿಯೆರಾ ತಪ್ಪಲಿನ ಒಂದು ಚಿಕ್ಕ ರೈಡ್, ಹೆಸರು ಬೇಡ. 25 ಮೈಲಿ, 50 ಮೈಲಿ ಎರಡೂ ಒಂದೇ ದಿನ. ಕುದುರೆಯ ಹಿಂಭಾಗದ ಮೇಲೆ ಕ್ರೇಯಾನಿನಲ್ಲಿ ಬರೆದ ನಂಬರ್ ನೋಡಿ, ಅದು ಫಿನಿಶ್ ಲೈನ್ ದಾಟಿದ ಹೊತ್ತು ಗುರುತು ಹಾಕುವುದು ನನ್ನ ಕೆಲಸ. ಮೊದಲು 25 ಮೈಲಿಯವರು ಬಂದರು. ಎಷ್ಟೋ ಜನ ಇಳಿದು, ಕುದುರೆ ಹಿಡಿದುಕೊಂಡು ನಡೆದೇ ಬಂದರು. ಆ ದೂರಕ್ಕೆ ಗೆರೆ ದಾಟಿದರೆ ಮುಗಿಯಿತು ಅಂತಿಲ್ಲ, ಕುದುರೆಯ ನಾಡಿ ನಿಮಿಷಕ್ಕೆ 60ಕ್ಕೆ ಇಳಿದಾಗಲೇ ಅದರ ಸಮಯ ನಿಲ್ಲುವುದು. ಓಡಿಸಿಕೊಂಡು ಬಂದವರಿಗೇ ನಷ್ಟ. ನಾನೋ, ಇಡೀ ದಿನ ಹೀಗೇ ಇರುತ್ತದೆ ಅಂದುಕೊಂಡೆ. 50 ಮೈಲಿಯ ಲೆಕ್ಕ ಬೇರೆ. ಅಲ್ಲಿ ಆಮೇಲೆ ಕುದುರೆ ವೆಟ್ ಚೆಕ್, ಅಂದರೆ ಕುದುರೆ ಡಾಕ್ಟರ ತಪಾಸಣೆ, ಪಾಸಾಗಬೇಕು ನಿಜ, ಆದರೆ ಸ್ಥಾನ ಗೆರೆ ದಾಟಿದ ಕ್ರಮದಲ್ಲೇ. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಗೆರೆ ಹಾಕಿದ್ದು ಕ್ಯಾಂಪಿನ ಬಾಯಲ್ಲಿ. ಇಳಿಜಾರಿನ ಮಣ್ಣು ರಸ್ತೆ, ಕೊನೆಗೊಂದು ತಿರುವು, ತಿರುವಿನಿಂದ ಮೂವತ್ತು ಹೆಜ್ಜೆಗೆ ಬಿಳಿ ಗೆರೆ. ಅದರಾಚೆ ಹದಿನೈದು ಹೆಜ್ಜೆಗೆ ನೀರಿನ ತೊಟ್ಟಿ, ನೆರಳಿಗೆ ಕಟ್ಟಿದ ಕ್ಯಾನೊಪಿ, ನಾನು, ನಾಯಿ ಹಿಡಿದುಕೊಂಡ ಇಬ್ಬರು, ಕಲ್ಲಂಗಡಿ ತಿನ್ನುತ್ತಿದ್ದ ಮಕ್ಕಳು. ಅವರಲ್ಲಿ ನನ್ನ ಮಗಳೂ ಇದ್ದಳು.

ಕಂಬಳ ನೋಡಿಕೊಂಡು ಬೆಳೆದವನು ನಾನು. ಕರೆಯ, ಅಂದರೆ ಕೋಣ ಓಡುವ ಕೆಸರು ಗದ್ದೆಯ, ಕೊನೆಗೆ ಮಂಜೊಟ್ಟಿ ಅನ್ನುವ ಏರು ಇರುತ್ತದೆ, ಕೋಣಗಳ ರಭಸ ಅಲ್ಲಿ ತಗ್ಗುತ್ತದೆ. ಇಲ್ಲಿ ಏರಿನ ಬದಲು ಇಳಿಜಾರು. ಬೆಳಿಗ್ಗೆಯೇ ಕಣ್ಣಿಗೆ ಬಿದ್ದಿತ್ತು. ಇವರಿಗೆ ಗೊತ್ತಿರುವುದಿಲ್ಲವೇ ಅಂತ ಬಾಯಿ ಮುಚ್ಚಿಕೊಂಡೆ.

ನಾಲ್ಕು ಗಂಟೆ ಸುಮಾರಿಗೆ ಹತ್ತನೇ ಸ್ಥಾನಕ್ಕೆ ಇಬ್ಬರ ಜಿದ್ದು. ಮೊದಲ ಹತ್ತು ಜನಕ್ಕೆ ಬಹುಮಾನ ಇತ್ತು. ಗೊರಸಿನ ಸದ್ದು ಕೇಳಿತು, ಎರಡು ಅರಬ್ ಕುದುರೆಗಳು ಜೊತೆಜೊತೆಗೇ ತಿರುವಿನಲ್ಲಿ ಕಾಣಿಸಿದವು. ಗಂಟೆಗೆ 40 ಕಿಲೋಮೀಟರ್ ಅಂದರೆ ಸೆಕೆಂಡಿಗೆ 11 ಮೀಟರ್. ನಾನು ಪ್ಯಾಡ್ ಕೆಳಗಿಟ್ಟು ಏಳುವಷ್ಟರಲ್ಲಿ ಒಂದು ಕುದುರೆ ಎಡಕ್ಕೆ ನುಗ್ಗಿ ಕ್ಯಾಂಪಿನೊಳಗೆ ಹೋಯಿತು. ಇನ್ನೊಂದು ಪಟಪಟ ಬಡಿಯುತ್ತಿದ್ದ ಕ್ಯಾನೊಪಿ ಬಟ್ಟೆಗೆ ಬೆದರಿ ಗಿರಕ್ಕನೆ ತಿರುಗಿತು. ಸುಮಾರು ನಾನೂರು ಕೆಜಿಯ ಪ್ರಾಣಿ, ಅದರ ಪೃಷ್ಠ ನನ್ನ ಭುಜಕ್ಕೆ ಬಡಿಯಿತು. ತೊಟ್ಟಿಯ ಅಂಚಿಗೆ ಹೋಗಿ ಬಿದ್ದೆ. ಸವಾರೆಯೂ ಬಿದ್ದಳು, ಹೆಲ್ಮೆಟ್ ಇದ್ದದ್ದರಿಂದ ಎದ್ದು ಕೂತಳು. ಮಕ್ಕಳಿಗೆ ಏನೂ ಆಗಲಿಲ್ಲ. ಅದು ಬರೀ ಅದೃಷ್ಟ.

ಆಮೇಲಿನದು ಇನ್ನೂ ಚೆಂದ. ಫೋನಿಗೆ ಸಿಗ್ನಲ್ ಇಲ್ಲ. ರೇಡಿಯೋ ಇಟ್ಟುಕೊಂಡವರು ಎಂಟು ಮೈಲಿ ದೂರದ ವೆಟ್ ಚೆಕ್‌ನಲ್ಲಿ. ಕಡೆಗೆ ಆಂಬುಲೆನ್ಸ್ ಬಂದರೆ, ಇರುವ ಒಂದೇ ದಾರಿಗೆ ಟ್ರೇಲರ್ ಅಡ್ಡ ನಿಂತಿದೆ, ಅದರ ಯಜಮಾನ ಇನ್ನೂ ಕಾಡಿನಲ್ಲಿ ಕುದುರೆ ಮೇಲೆ. ಅಲ್ಲಿಯವರೆಗೆ ನನ್ನ ಕೈ ಕಟ್ಟಿದ್ದು ಕುದುರೆ ಡಾಕ್ಟರು, ಕುದುರೆ ಕಾಲಿಗೆ ಸುತ್ತುವ ನೇರಳೆ ಬ್ಯಾಂಡೇಜಿನಲ್ಲಿ. ಚೆನ್ನಾಗಿಯೇ ಕಟ್ಟಿದ್ದರು, ಸುಳ್ಳು ಹೇಳಬಾರದು.

ಹೋಗುವುದಾದರೆ ಗೆರೆ ಎಲ್ಲಿ ಅಂತ ಕೇಳಬೇಡಿ, ಗೆರೆಯಿಂದಾಚೆ ಏನಿದೆ ಅಂತ ಕೇಳಿ. ಎಷ್ಟೋ ಕಡೆ ಗೆರೆಯನ್ನು ಕ್ಯಾಂಪಿನಿಂದ ದೂರ ಹಾಕುತ್ತಾರೆ, ಓಟ ಅಲ್ಲೇ ಮುಗಿದು ಕುದುರೆ ನಡೆದುಕೊಂಡು ಒಳಗೆ ಬರುತ್ತದೆ. ನಿಲ್ಲಿಸಲು ಉದ್ದಕ್ಕೆ ಖಾಲಿ ದಾರಿ ಇಲ್ಲದಿದ್ದರೆ ಕುರ್ಚಿಯನ್ನು ಗೆರೆಯ ಪಕ್ಕಕ್ಕೆ, ದಾರಿಯಿಂದ ಹೊರಗೆ, ಮರವೋ ಬೇಲಿಯೋ ಅಡ್ಡ ಇರುವ ಕಡೆ ಹಾಕಿಕೊಳ್ಳಿ. ಗೆರೆಯ ಮುಂದೆ ಮಾತ್ರ ಬೇಡ. ಮಕ್ಕಳನ್ನಂತೂ ಅತ್ತ ಬಿಡಲೇಬೇಡಿ.

ಈ ವರ್ಷವೂ ಕರೆದಿದ್ದಾರೆ. ಫಿನಿಶ್ ಎಲ್ಲಿ, ಆಂಬುಲೆನ್ಸ್ ದಾರಿ ಯಾವುದು ಅಂತ ಮೇಲ್ ಹಾಕಿದೆ. ಟೀಶರ್ಟಿನ ಸೈಜ್ ಯಾವುದು ಅಂತ ಉತ್ತರ ಬಂದಿದೆ.