ಒಗಟಿಗೆ ಉತ್ತರ ಒಂದೇ ತಾನೇ? ಲಿಬ್ರೆಆಫೀಸ್ ಕ್ಯಾಲ್ಕ್‌ನ ಸಾಲ್ವರ್ ಬಳಸಿದ ಅನುಭವ

ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಭಾನುವಾರದ ಒಗಟು ಕಟ್ಟುವುದು ನನ್ನ ಪಾಲಿನ ಕೆಲಸ. ಐದು ಮಂದಿ ಸಾಲಾಗಿ ಕೂತಿದ್ದಾರೆ, ಯಾರದು ಯಾವ ಊರು, ಯಾರು ಏನು ತಿಂದರು ಅನ್ನುವ ಬಗೆಯದು. ಉಡುಪಿಯವರಲ್ವಾ, ಮಲ್ಪೆ, ಕಾಪು, ಗಡ್‌ಬಡ್, ಬನ್ಸ್ ಎಲ್ಲ ಬರಲೇಬೇಕು. ಆದರೆ ಎರಡು ಉತ್ತರ ಬರುವ ಒಗಟು ಕೊಟ್ಟರೆ ತಲೆ ಕೆಡಿಸಿಕೊಂಡು ಬಿಡಿಸಿದವರಿಗೆ ಮೋಸ. ಅದಕ್ಕೇ ನನಗೆ ಲಿಬ್ರೆಆಫೀಸ್ ಕ್ಯಾಲ್ಕ್ ಅನ್ನುವ ಸ್ಪ್ರೆಡ್‌ಶೀಟ್‌ನ ಈ ಸಾಲ್ವರ್ ಬೇಕು. ನಾವು ಹಾಕಿದ ಷರತ್ತುಗಳಿಗೆಲ್ಲ ಹೊಂದುವ ಅಂಕಿಗಳನ್ನು ಅದೇ ಹುಡುಕಿ ಸೆಲ್‌ಗಳಲ್ಲಿ ತುಂಬುತ್ತದೆ.

ರಾತ್ರಿ ಊಟ ಮುಗಿಸಿ ಶೀಟ್ ತೆರೆಯುತ್ತೇನೆ. ಊರು, ತಿಂಡಿ ಹೀಗೆ ಐದು ಗುಂಪು, ಗುಂಪಿಗೆ ಐದು ಹೆಸರು, ಒಟ್ಟು 25 ಸಾಲು. ಐದು ಕುರ್ಚಿಗೆ ಐದು ಕಾಲಂ. ಈ 125 ಸೆಲ್‌ಗಳಲ್ಲಿ 0 ಅಥವಾ 1 ಮಾತ್ರ. ಪ್ರತಿ ಸಾಲಿನ ಮೊತ್ತ 1, ಗುಂಪಿನೊಳಗೆ ಪ್ರತಿ ಕಾಲಂನ ಮೊತ್ತವೂ 1. 1 ಬಂದ ಸೆಲ್ ಹಳದಿಯಾಗುವ ಹಾಗೆ ಮಾಡಿಟ್ಟಿದ್ದೇನೆ. ಸಾಲ್ವ್ ಒತ್ತಿದ ಮೇಲೆ ಹಳದಿ ಚೌಕಗಳು ಒಮ್ಮೆಲೇ ಮೂಡುವುದು ನೋಡಲಿಕ್ಕೇ ಖುಷಿ.

‘ಗಡ್‌ಬಡ್ ತಿಂದವರು ಮಲ್ಪೆಯವರ ಪಕ್ಕದಲ್ಲಿದ್ದಾರೆ’ ಅನ್ನುವಂಥ ಸುಳಿವಿಗೆ ಎಬಿಎಸ್ ಸೂತ್ರ (ಮೈನಸ್ ಚಿಹ್ನೆ ತೆಗೆದು ಬರೀ ಅಂಕಿ ಕೊಡುವುದು) ಹಾಕಬೇಡಿ, ಕೂಡು-ಕಳೆಯಂಥ ಸರಳ ಲೆಕ್ಕದ ಷರತ್ತುಗಳನ್ನಷ್ಟೇ ಒಪ್ಪುವ ಲೀನಿಯರ್ ಸಾಲ್ವರ್‌ಗೆ ಅದು ಆಗಿಬರುವುದಿಲ್ಲ. ಪ್ರತಿ ಕುರ್ಚಿಗೂ ಒಂದು ಷರತ್ತು ಬರೆಯಿರಿ: ಇಲ್ಲಿನ ಗಡ್‌ಬಡ್ ಸೆಲ್, ಎಡ-ಬಲದ ಮಲ್ಪೆ ಸೆಲ್‌ಗಳ ಮೊತ್ತಕ್ಕಿಂತ ಜಾಸ್ತಿ ಇರಬಾರದು. ಅಷ್ಟೇ.

ಬೇಜಾರಾಗುವುದು ಸುಳಿವುಗಳು ಒಂದಕ್ಕೊಂದು ತಾಳೆಯಾಗದಿದ್ದಾಗ. ಸಾಲ್ವರ್ ಪರಿಹಾರ ಇಲ್ಲ ಅಂತ ಹೇಳಿ ಸುಮ್ನಾಗುತ್ತದೆ. ಯಾವ ಸುಳಿವು ಅಡ್ಡ ಬಂತು ಅಂತ ತಿಳಿಸುವುದಿಲ್ಲ. ಒಂದೊಂದೇ ಷರತ್ತು ತೆಗೆದು ಮತ್ತೆ ಮತ್ತೆ ಓಡಿಸಬೇಕು. ಮಳೆಗಾಲದಲ್ಲಿ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿ ಇಳಿಯುತ್ತಿರುವಾಗ ಇದು ತುಂಬ ಕಿರಿಕಿರಿ. ಸಾಲದ್ದಕ್ಕೆ, ಒಂದು ಉತ್ತರ ಸಿಕ್ಕ ಕೂಡಲೇ ನಿಲ್ಲುತ್ತದೆ. ಇನ್ನೊಂದು ಇದೆಯಾ ಅಂತ ಹುಡುಕುವುದಿಲ್ಲ.

ಹುಡುಕಿಸಬಹುದು ಅಂತ ಗೊತ್ತಾದ ಮೇಲೆ ನನಗೆ ಇದರ ಮೇಲೆ ಪ್ರೀತಿ ಜಾಸ್ತಿಯಾಯಿತು. ಸಿಕ್ಕ ಉತ್ತರವನ್ನು ಬರೀ ಅಂಕಿಗಳಾಗಿ ಪಕ್ಕದಲ್ಲಿ ಪೇಸ್ಟ್ ಮಾಡಿ. ಹಳದಿಯಾಗಿದ್ದ ಆ 25 ಜಾಗಗಳ ಮೊತ್ತ ಇನ್ನು 24 ಮೀರಬಾರದು ಅಂತ ಒಂದು ಷರತ್ತು ಸೇರಿಸಿ, ಮತ್ತೆ ಸಾಲ್ವ್ ಒತ್ತಿ. ಈ ಸಲ ಪರಿಹಾರ ಇಲ್ಲ ಅಂದರೆ ಉತ್ತರ ಒಂದೇ, ಒಗಟು ಸಿದ್ಧ. ಬೇರೆ ಉತ್ತರ ಬಂದರೂ ಒಳ್ಳೆಯದೇ. ಎರಡನ್ನೂ ಜೊತೆಗಿಟ್ಟು ನೋಡಿ, ಎಲ್ಲಿ ಬೇರೆಯಾಗಿವೆಯೋ ಅಲ್ಲಿಗೆ ಒಂದು ಸುಳಿವು ಹಾಕಿದರೆ ಆಯಿತು.

ಎಕ್ಸೆಲ್ ಜೊತೆ ಬರುವ ಸಾಲ್ವರ್‌ಗೆ ಬದಲಾಗುವ ಸೆಲ್‌ಗಳ ಮಿತಿ 200. ಇದೇ ಲೆಕ್ಕದಲ್ಲಿ ಸುಡೊಕುಗೆ 729 ಬೇಕು, ಅದರಲ್ಲಿ ಹಿಡಿಯುವುದಿಲ್ಲ. ಐದು ಕುರ್ಚಿಯ ಒಗಟಿಗೆ 125 ಸಾಕು, ಹಾಗಾಗಿ ಎಕ್ಸೆಲ್ ಇರುವವರು ಅದನ್ನೇ ಬಳಸಬಹುದು. ಇಲ್ಲದವರು ಇದಕ್ಕೋಸ್ಕರ ದುಡ್ಡು ಕೊಡಬೇಕಾಗಿಲ್ಲ. ಕ್ಯಾಲ್ಕ್ ಉಚಿತ, ನನ್ನ ಹಳೇ ಲ್ಯಾಪ್‌ಟಾಪಿನಲ್ಲೂ ಚೆನ್ನಾಗಿ ಓಡುತ್ತದೆ.